ಕಾರವಾರದಲ್ಲಿ ಏನಿದೆ?

ಕಾರವಾರಕ್ಕೆ ಹೋಗಿ ಬಂದೆವೆಂದು ಹೇಳಿದರೆ ನಮ್ಮ ಹುಬ್ಬಳ್ಳಿ-ಧಾರವಾಡದ ಸುಶಿಕ್ಷಿತರು ಕೇಳುವ ಮೊದಲನೆಯ ಪ್ರಶ್ನೆ, “ಅಲ್ಲೇನದ?” ಎಂಬುದು. ಎರಡನೆಯದು, “ಗೋವಾಕ್ಕ ಹೋಗಲಿಲ್ಲೇನು?” ಎಂಬುದು. ಈ ಎರಡು ಪ್ರಶ್ನೆಗಳ ನಡುವೆ ಒಂದು ಇಡೀ ಊರು, ಒಂದು ನದೀಮುಖ, ಒಂದು ಕಡಲು ಮಾಯವಾಗಿಬಿಡುತ್ತವೆ. ಅರಬೈಲ ಘಟ್ಟವಿಳಿದು, ಅಂಕೋಲೆಯಲ್ಲಿ ಚಹ ಕುಡಿದು, ಕಾರವಾರವನ್ನು ಮೇಲುಸೇತುವೆಯ ಮೇಲಿಂದಲೇ ದಾಟಿ ಮಾಜಾಳಿಯ ಗಡಿಯತ್ತ ಓಡುವವರಿಗೆ ಅಲ್ಲಿ ಏನೂ ಕಾಣದಿರುವುದು ಆಶ್ಚರ್ಯವಲ್ಲ. ಆದರೆ “ಏನೂ ಇಲ್ಲ” ಎಂಬ ನಮ್ಮ ಈ ಮಾತು ಬರಿಯ ಅಜ್ಞಾನವಾಗಿ ಉಳಿದಿಲ್ಲ; ಅದು ಮೆಲ್ಲಗೆ ಒಂದು ಸಮ್ಮತಿಪತ್ರವಾಗಿದೆ. ಏನೂ ಇಲ್ಲದ ಜಾಗದಲ್ಲಿ ಏನನ್ನು ಕಟ್ಟಿದರೆ ಯಾರಿಗೇನು ನಷ್ಟ?

ಕಳೆದ ಚಳಿಗಾಲದಲ್ಲಿ ನಾನೂ ನನ್ನ ಹೆಂಡತಿಯೂ ಒಂದು ಪೂರ್ತಿ ದಿನ ಅಲ್ಲಿದ್ದೆವು. ನೋಡತಕ್ಕ ಸ್ಥಳಗಳ ಪಟ್ಟಿ ನಮ್ಮ ಕೈಯಲ್ಲಿರಲಿಲ್ಲ. ಬೆಳಿಗ್ಗೆ ಟಾಗೋರ್ ತೀರದಲ್ಲಿ ಬಲೆ ಎಳೆಯುತ್ತಿದ್ದರು. ದೋಣಿಯಲ್ಲಿ ಹೋಗಿ ಕಡಲೊಳಗೆ ಬಳಸಿ ಬಿಟ್ಟುಬಂದ ಬಲೆಯ ಎರಡು ತುದಿಗಳನ್ನು ದಡದ ಮೇಲೆ ಸಾಲಾಗಿ ನಿಂತ ಜನ ಹಗ್ಗ ಹಿಡಿದು ಎಳೆಯುತ್ತಾರೆ. ತೆಂಕಣ ಕರಾವಳಿಯ ರಂಪಣಿಯ ಜಾತಿಯದೇ. ಇಲ್ಲಿ ಏಂಡಿ ಬಲೆಯೆನ್ನುತ್ತಾರೆ. ಒಂದು ಗಂಟೆಗೂ ಮಿಕ್ಕಿ ನೋಡುತ್ತ ನಿಂತೆವು. ಕೊನೆಗೆ ಮರಳಿಗೆ ಬಂದದ್ದು ಎರಡು ಬುಟ್ಟಿ ತಾರ್ಲೆ, ಒಂದಿಷ್ಟು ಬಂಗಡೆ. ಅಷ್ಟಕ್ಕೇ ಹೆಂಗಸರು ಕೊಂಕಣಿಯಲ್ಲಿ ನಡೆಸಿದ ಚೌಕಾಶಿ ನನ್ನ ಛಂದಸ್ಸಿನ ತರಗತಿಗಿಂತ ಹೆಚ್ಚು ಲಯಬದ್ಧವಾಗಿತ್ತು. ಮಧ್ಯಾಹ್ನ ಊಟ, ತುಸು ನಿದ್ದೆ. ಸಂಜೆ ಮರಳಿನ ಮೇಲೆಯೇ ಬಡಗಣಕ್ಕೆ, ಕೋಡಿಬಾಗದತ್ತ, ಕಾಳೀನದಿ ಕಡಲು ಸೇರುವ ಕಡೆಗೆ ನಡೆದೆವು.

ಇಪ್ಪತ್ತು ವರ್ಷ ಸಂಸಾರ ಮಾಡಿದ ದಂಪತಿಗಳಿಗೆ ಮಾತಾಡಲು ತಾವು ಸಿಗುವುದು ಸುಲಭವಲ್ಲ. ಮನೆಯಲ್ಲಿ ಮಕ್ಕಳ ಫೀಸು, ಗ್ಯಾಸಿನ ಸಿಲಿಂಡರು. ಹೊರಗೆ ಹೋದರೆ ಹೋಟೆಲು. ಮಾಣಿ ಬಿಲ್ಲು ತಂದಿಟ್ಟ ಮೇಲೆ ಕೂಡ್ರಲು ಸಂಕೋಚ. ಮರಳಿನ ಮೇಲೆ ಕಾಲುಚಾಚಿ ಕುಳಿತಾಗ ಆಕೆ ಅಂದಳು: “ಇಲ್ಲಿ ಎಷ್ಟೊತ್ತು ಕೂತ್ರೂ ಯಾರೂ ‘ಏನ ತಗೋತೀರಿ’ ಅಂತ ಕೇಳೂದಿಲ್ಲ ನೋಡ್ರಿ.” ಕಾರವಾರದಲ್ಲಿ ಏನಿದೆ ಎನ್ನುವವರಿಗೆ ನನ್ನ ಬಳಿ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಏನನ್ನೂ ಕೊಳ್ಳದೆ ಇಬ್ಬರು ಮನುಷ್ಯರು ದಿನವಿಡೀ ಇರಬಹುದಾದ ಸ್ಥಳ ಅಲ್ಲಿದೆ. ಅಂಥವು ನಮ್ಮ ಪಟ್ಟಣಗಳಲ್ಲಿ ಎಷ್ಟಿವೆಯೋ ಎಣಿಸಿ ನೋಡಿರಿ.

ಈ ಸಂತೋಷವನ್ನು ಕಂಡುಹಿಡಿದವರು ನಾವೇ ಮೊದಲಿಗರಲ್ಲ. 1883ರಲ್ಲಿ, ಇಪ್ಪತ್ತೆರಡರ ಯುವಕರಾಗಿದ್ದ ರವೀಂದ್ರನಾಥ ಟಾಗೋರರು ಇಲ್ಲಿಗೆ ಬಂದಿದ್ದರು. ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಬೆಳದಿಂಗಳಲ್ಲಿ ಕಾಳೀನದಿಯ ಮೇಲೆ ದೋಣಿಯಲ್ಲಿ ಹೋದದ್ದನ್ನೂ, ಮರಳುವಾಗ ಅಳಿವೆಯಲ್ಲೇ ಇಳಿದು ಮರಳಿನ ಮೇಲೆ ನಡೆದು ಮನೆ ಸೇರಿದ್ದನ್ನೂ ಅವರು ತಮ್ಮ ‘ಜೀವನಸ್ಮೃತಿ’ಯಲ್ಲಿ ನೆನೆದಿದ್ದಾರೆ. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದು ಇಲ್ಲಿಯೇ. ನಾವು ಆ ಮಹಾನುಭಾವರ ಹೆಸರನ್ನು ತೀರಕ್ಕಿಟ್ಟು ಕೃತಜ್ಞತೆ ತೀರಿಸಿದೆವು. ಮುಂದೆ ಅದೇ ತೀರದ ಎದುರಿಗೆ ಅಲೆ ತಡೆಗೋಡೆ ಹಾಕಲು ಹೊರಟೆವು.

2020ರ ಜನವರಿಯ ಸಂಗತಿ ಅನೇಕರಿಗೆ ಮರೆತಿರಬಹುದು. ಸಾಗರಮಾಲಾ ಯೋಜನೆಯಲ್ಲಿ ಬಂದರಿನ ಎರಡನೆಯ ಹಂತದ ವಿಸ್ತರಣೆಯ ಕೆಲಸ ಪೊಲೀಸು ಕಾವಲಿನಲ್ಲಿ ಆರಂಭವಾಯಿತು. ಮೀನುಗಾರರು, ಗಂಡಸರೂ ಹೆಂಗಸರೂ, ಬೀದಿಗಿಳಿದರು. ಊರು ಬಂದ್ ಆಚರಿಸಿತು. ಆಮೇಲೆ ಉಚ್ಚ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು. ಆಗ ನಮ್ಮ ಕಡೆಯ ವಿಹಾರಪ್ರಿಯರಿಂದ ನಾನು ಕೇಳಿದ ಮಾತು ಇಷ್ಟೇ: “ಅಲ್ಲೇನದ? ಬಂದರಾದರೂ ಆಗಲಿ.”

ಆ ಜನ ಅಭಿವೃದ್ಧಿಯ ವೈರಿಗಳೆಂಬ ಮಾತನ್ನು ನಾನು ಒಪ್ಪಲಾರೆ. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು. 2005ರಲ್ಲಿ ‘ಕದಂಬ’ ನೆಲೆ ಕಾರ್ಯಾರಂಭಿಸಿತು. ಅರಗಾದಿಂದ ತೆಂಕಣಕ್ಕೆ ಹಳ್ಳಿಹಳ್ಳಿಗಳ ಕಡಲಂಚು ಬೇಲಿಯೊಳಗೆ ಹೋಯಿತು. ದೇಶದ ರಕ್ಷಣೆಯ ಮಾತಿಗೆ ನನ್ನ ತಕರಾರಿಲ್ಲ. ಆದರೆ ಅದಕ್ಕಾಗಿ ಮನೆಮಠ ಬಿಟ್ಟುಕೊಟ್ಟವರಿಗೆ ತ್ಯಾಗದ ಪಾಠ ಹೇಳಲು ನಾವು ಯಾರು? ಮನೆಯ ಮುಂದಿನ ರಸ್ತೆ ಅಗಲ ಮಾಡಲು ಎರಡಡಿ ಕಂಪೌಂಡು ಕೇಳಿದರೆ ಕೋರ್ಟಿಗೆ ಹೋಗುವವರು ನಾವು.

ಬಡವರಿಗೆ ಕೆಲಸ ಸಿಗುತ್ತದೆ, ನಿಮಗೆ ಸೂರ್ಯಾಸ್ತದ ಚಿಂತೆ ಎಂದು ಕೆಲವರು ಹಂಗಿಸುತ್ತಾರೆ. ಬಡವರು ತಾವೇ ಬೀದಿಗೆ ಬಂದು ಬೇಡವೆಂದದ್ದು ಇವರ ಕಿವಿಗೆ ಬೀಳಲಿಲ್ಲವೆಂದು ಕಾಣುತ್ತದೆ. ದಡದಿಂದ ಎಳೆಯುವ ಬಲೆಗೆ ಉದ್ದಾನುದ್ದ ಬಿಚ್ಚುಮರಳು ಬೇಕು. ಮರಳಿಲ್ಲದಿದ್ದರೆ ಅದು ಅಟ್ಟದ ಮೇಲಿನ ಹಗ್ಗ. ಚಂಡಮಾರುತ ಎದ್ದಾಗ ಪರಸ್ಥಳದ ದೋಣಿಗಳೂ ಓಡಿಬಂದು ಆಸರೆ ಪಡೆಯುವುದು ಈ ಕೊಲ್ಲಿಯಲ್ಲಿಯೇ.

ಇನ್ನು ಕೆಲವರದು ಬೇರೆ ರಾಗ. ಬಂದರು ಬೇಡ, ಮೀನಿನ ವಾಸನೆಯೂ ಬೇಡ. ತೀರವನ್ನು ಚೊಕ್ಕಟಮಾಡಿ ರಿಸಾರ್ಟು ಕಟ್ಟಿರಿ ಎನ್ನುವವರು. ಇವರನ್ನು ಕಂಡರೆ ನನಗೆ ಬಂದರಿನವರಿಗಿಂತ ಹೆಚ್ಚು ಭಯ. ಬಂದರಿನವರು ಕಡಲನ್ನು ಕೇಳುತ್ತಾರೆ. ಇವರು ಕಡಲನ್ನು ಹೊಗಳುತ್ತಲೇ ಗೇಟು ಹಾಕುತ್ತಾರೆ. ನನ್ನ ಹೆಂಡತಿ ಕುಳಿತಿದ್ದ ಮರಳು ಯಾರದೂ ಆಗಿರಲಿಲ್ಲ. ಆದುದರಿಂದಲೇ ಅದು ಅವಳದಾಗಿತ್ತು, ಬಲೆಯವರದಾಗಿತ್ತು, ಶಾಲೆ ಬಿಟ್ಟು ಚೆಂಡಾಡುತ್ತಿದ್ದ ಹುಡುಗರದಾಗಿತ್ತು. ಬಲೆಯವರನ್ನು ಎಬ್ಬಿಸಿದ ಮರುವರ್ಷ ನಮ್ಮನ್ನೂ ಎಬ್ಬಿಸುತ್ತಾರೆ, ಇಲ್ಲವೇ ಕುರ್ಚಿಗೆ ಬಾಡಿಗೆ ಕೇಳುತ್ತಾರೆ.

ಆ ತೀರಕ್ಕೆ ಬೇಕಾದದ್ದು ಅಲ್ಪ. ನೆರಳಿಗೆ ಗಾಳಿಮರ, ಕುಡಿಯುವ ನೀರು, ಹೆಂಗಸರಿಗೆ ಶುಚಿಯಾದ ಶೌಚಾಲಯ, ಸಂಜೆ ದೋಣಿಗಳನ್ನು ಎಳೆದಿಡಲು ಯಾರೂ ಬೇಲಿ ಹಾಕದ ಮರಳು.