ಹೂವಿಗೂ ಪಾಸ್‌ಪೋರ್ಟ್ ಫೋಟೊ ಬೇಕೇ?

ಮುಂಬಯಿಯಲ್ಲಿ ಕಾಡುಹೂವು ಎಂದರೆ ಊರಿನವರು ನಗುತ್ತಾರೆ. ನಗಲಿ ಬಿಡಿ. ಜೂನ್‌ನ ಮೊದಲ ಮಳೆಯಿಂದ ಅಕ್ಟೋಬರ್ ತನಕ ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ, ಠಾಣೆಯ ಯೇವೂರು ಗುಡ್ಡದಲ್ಲಿ, ಅಷ್ಟೇಕೆ, ರೈಲು ಹಳಿಯ ಬದಿಯಲ್ಲೂ ಹೂಗಳಿಗೆ ಬರವಿಲ್ಲ. ಈಗಂತೂ ಎಲ್ಲರ ಜೇಬಿನಲ್ಲೂ ಕ್ಯಾಮೆರಾ. ಮಳೆಗಾಲದ ಭಾನುವಾರ ಸಂಜೆಯಾದರೆ ಸಾಕು, ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಹೂವೇ ಹೂವು.

ಸಂತೋಷವೇ. ಆದರೆ ನನ್ನದೊಂದು ತಕರಾರಿದೆ. ಎಲ್ಲ ಹೂಗಳೂ ಪಾಸ್‌ಪೋರ್ಟ್ ಫೋಟೊಕ್ಕೆ ಕೂತ ಹಾಗೆ ಕಾಣುತ್ತವೆ. ನಟ್ಟನಡುವೆ ಮುಖ, ಹಿಂದೆ ಕಪ್ಪು ಪರದೆ ಅಥವಾ ಹಸಿರು ಮಬ್ಬು. ಎಲೆ ಇಲ್ಲ, ಕಾಂಡ ಇಲ್ಲ, ನೆಲ ಇಲ್ಲ. ಕೆಳಗೆ ‘ಇದು ಯಾವ ಹೂವು?’ ಎಂಬ ಪ್ರಶ್ನೆ. ಹೇಗೆ ಹೇಳುವುದು ಮಾರಾಯ್ರೇ!

ತೇರಡಾ ತಗೊಳ್ಳಿ. ನಮ್ಮ ಕರ್ಣಕುಂಡಲವೇ ಅದು. ಗಣೇಶ ಹಬ್ಬದ ಹೊತ್ತಿಗೆ ಇಲ್ಲಿನ ಗುಡ್ಡಗಳೆಲ್ಲ ಗುಲಾಬಿ. ಕೆಲವು ಮರಾಠಿ ಮನೆಗಳಲ್ಲಿ ಈ ಗಿಡವನ್ನೇ ಗೌರಿ ಎಂದು ಕೂರಿಸಿ ಪೂಜಿಸುತ್ತಾರೆ. ಎದುರಿನಿಂದ ತೆಗೆದರೆ ಅದೊಂದು ಗುಲಾಬಿ ಚಿಂದಿ, ಅಷ್ಟೇ. ಹೂವಿನ ಎತ್ತರಕ್ಕೇ ಬಗ್ಗಿ ಬದಿಯಿಂದ ನೋಡಿ, ಹಿಂಬದಿಯಲ್ಲಿ ಬಾಗಿದ ಸಪೂರ ಕೊಂಬೊಂದಿದೆ. ಮಕರಂದ ಇರುವುದು ಅದರೊಳಗೆ. ತೀರಾ ಹತ್ತಿರದಿಂದ ತೆಗೆಯುವಾಗ ಎಫ್ 8 ಇಟ್ಟರೂ ಸ್ಪಷ್ಟವಾಗಿ ಬರುವುದು ಕೆಲವೇ ಮಿಲಿಮೀಟರ್ ಆಳ. ಬದಿಯಿಂದ ತೆಗೆದಾಗ ಎಸಳೂ ಕೊಂಬೂ ಲೆನ್ಸಿನಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿರುತ್ತವೆ, ಎರಡೂ ನಿಚ್ಚಳವಾಗಿ ಬರುತ್ತವೆ. ಮೊಬೈಲಿನ ‘ಪೋರ್ಟ್ರೇಟ್’ ಆಯ್ಕೆಯನ್ನು ಮಾತ್ರ ಮುಟ್ಟಬೇಡಿ. ಅದು ಹಿನ್ನೆಲೆಯನ್ನು ಮಬ್ಬು ಮಾಡುವ ಭರದಲ್ಲಿ ಆ ಕೊಂಬು, ತೊಟ್ಟುಗಳನ್ನೂ ನುಂಗಿಬಿಡುತ್ತದೆ.

ಇನ್ನು ಬೆಳಕಿನ ವಿಷಯ. ಮಳೆಗಾಲದಲ್ಲಿ ನಮ್ಮವರು ಬುಟ್ಟಿಗಟ್ಟಲೆ ಕೊಂಡು ತಿನ್ನುವ ತಜಂಕ್ ಇದೆಯಲ್ಲ, ಮರಾಠಿಯವರ ಟಾಕಳಾ, ಅದೇ ಗಿಡ ಆಮೇಲೆ ಹಳದಿ ಹೂ ಬಿಡುತ್ತದೆ. ಸುತ್ತ ಕಡುಹಸಿರು, ನಡುವೆ ಪುಟ್ಟ ಹಳದಿ. ಕ್ಯಾಮೆರಾ ಆ ಕಪ್ಪು ಹಸಿರನ್ನು ನೋಡಿ ‘ಓ, ಬೆಳಕು ಸಾಲದು’ ಎಂದುಕೊಂಡು ಇಡೀ ಚಿತ್ರವನ್ನು ಬೆಳಗಿಸುತ್ತದೆ. ಎಸಳಿನ ನರಗಳೆಲ್ಲ ಮಾಯವಾಗಿ ಪ್ಲಾಸ್ಟಿಕ್ ಹೂವಾಗುತ್ತದೆ! ಎಕ್ಸ್‌ಪೋಷರನ್ನು ಅರ್ಧ ಅಥವಾ ಮುಕ್ಕಾಲು ಸ್ಟಾಪ್ ಇಳಿಸಿ. ಬಿಳಿ ಹೂವಾದರೆ ಒಂದು ಸ್ಟಾಪ್. ಹಿಸ್ಟೋಗ್ರಾಮ್ ನೋಡುವವರು ಕೆಂಪು ಗೆರೆಯನ್ನು ಬೇರೆಯಾಗಿ ನೋಡಿ, ಹಳದಿ ಹೂವಿನಲ್ಲಿ ಮೊದಲು ಬಲ ಅಂಚಿಗೆ ಬಡಿಯುವುದು ಅದೇ. ಮೋಡವಿದ್ದರೆ ಬೇಸರ ಬೇಡ, ಆ ಬೆಳಕಿನಲ್ಲಿ ಗಾಢ ನೆರಳಿಲ್ಲ. ಗಾಳಿ ಇದ್ದರೆ ಐಎಸ್‌ಒ 800ಕ್ಕೆ ಏರಿಸಿ. ಸ್ವಲ್ಪ ಕಾಳು ಕಂಡರೆ ಕಾಣಲಿ, ಅಲುಗಿದ ಹೂವಿಗಿಂತ ವಾಸಿ.

ಕಪ್ಪು ಪರದೆ ಎಲ್ಲಿಂದ ಬರುತ್ತದೆ ಗೊತ್ತೇ? ಎಫ್ 16 ಇಟ್ಟು ಫ್ಲಾಶ್ ಹೊಡೆದರೆ ಬೆಳಕು ಹೂವಿಗೆ ಸಾಕಾಗುತ್ತದೆ, ಹಿಂದಿನ ಗಿಡಗಳಿಗೆ ಮುಟ್ಟುವುದೇ ಇಲ್ಲ. ಹಾಡುಹಗಲಲ್ಲೇ ನಡುರಾತ್ರಿ. ಅದೂ ಇಲ್ಲದವರು ಹಿನ್ನೆಲೆ ‘ಕ್ಲೀನ್’ ಆಗಲೆಂದು ಅಡ್ಡ ಬಂದ ಹುಲ್ಲು, ಪಕ್ಕದ ಸಸಿ ಎಲ್ಲವನ್ನೂ ಕಿತ್ತೆಸೆಯುತ್ತಾರೆ. ಒಂದು ಹೂವಿನ ಚಂದಕ್ಕೆ ನಾಲ್ಕು ಗಿಡಗಳ ಬಲಿ. ಫೋಟೊ ಎಂದರೆ ಕಲೆ, ಸಸ್ಯಶಾಸ್ತ್ರದ ಪಾಠವಲ್ಲ ಎನ್ನುವವರಿದ್ದಾರೆ. ಒಪ್ಪುತ್ತೇನೆ. ಆದರೆ ಗಿಡ ಕೀಳುವುದು ಯಾವ ಕಲೆ ಸ್ವಾಮಿ?

ಈ ಮಾತನ್ನು ಇಷ್ಟು ಜೋರಾಗಿ ಹೇಳಲು ಕಾರವಿಯೇ ಕಾರಣ. ಮಲೆನಾಡಿನವರು ಗುರಿಗೆ ಎನ್ನುತ್ತಾರಲ್ಲ, ಆ ಬಳಗದ ಗಿಡ. ಬೊರಿವಲಿ ಕಾಡಿನಲ್ಲಿ ಎಂಟು ವರ್ಷಕ್ಕೊಮ್ಮೆ ಒಟ್ಟಿಗೇ ಅರಳಿ, ಬೀಜ ಕಟ್ಟಿ, ಸಾಯುತ್ತದೆ. 2016ರಲ್ಲಿ ಅರಳಿತ್ತು, ಮತ್ತೆ 2024ರಲ್ಲಿ. ಆ ವರ್ಷ ಬಂದ ರಾಶಿ ರಾಶಿ ಫೋಟೊಗಳಲ್ಲಿ ನಾನು ನೋಡಿದ್ದು ನೇರಳೆ ಗಂಟೆಗಳನ್ನು ಮಾತ್ರ. ಅದೂ ಒಂದರಲ್ಲಿ ನೀಲಿ, ಇನ್ನೊಂದರಲ್ಲಿ ಗುಲಾಬಿ, ಏಕೆಂದರೆ ವೈಟ್ ಬ್ಯಾಲೆನ್ಸ್ ಕ್ಯಾಮೆರಾದ ಮರ್ಜಿಗೆ ಬಿಟ್ಟದ್ದು. ವಾರ್ಲಿಗಳು ಗುಡಿಸಲಿನ ಗೋಡೆಗೆ ಹೆಣೆದು ಮಣ್ಣು ಮೆತ್ತುವುದು ಇದೇ ಗಿಡದ ಕಡ್ಡಿಯನ್ನು. ಆ ಕಡ್ಡಿ ಎಷ್ಟು ಫೋಟೊಗಳಲ್ಲಿದೆ? ಇಳಿಜಾರು ಪೂರ್ತಿ ಅದೊಂದೇ ಗಿಡ ತುಂಬಿರುವುದು ಎಷ್ಟರಲ್ಲಿ ಕಾಣುತ್ತದೆ? ಎರಡು ಹೆಜ್ಜೆ ಹಿಂದೆ ಸರಿದು, ಒಂದು ಗೊಂಚಲನ್ನು ಮುಂದಿಟ್ಟು, ಹಿಂದಿನ ಗುಡ್ಡವೂ ಗುರುತು ಸಿಗುವಂತೆ ಒಂದು ತೆಗೆದಿದ್ದರೆ ಸಾಕಿತ್ತು.

ಮುಂದಿನ ಸರದಿ 2032ಕ್ಕೆ. ಅಷ್ಟು ದಿನ ಕಾಯಬೇಕಾಗಿಯೂ ಇಲ್ಲ. 2024ರ ಬೀಜದಿಂದ ಎದ್ದ ಎಳೆಯ ಕಾರವಿ ಈಗ ಅಲ್ಲೇ ಬೆಳೆಯುತ್ತಿದೆ. ಹೂವಿಲ್ಲವೆಂದು ಅದರ ಫೋಟೊ ಯಾರೂ ತೆಗೆಯುತ್ತಿಲ್ಲ. ಈ ಮಳೆಗಾಲದಲ್ಲಿ ಆ ಕಡೆ ಹೋದವರು ಒಂದೆರಡು ತೆಗೆದಿಡಿ. ತಾರೀಖು, ಜಾಗ ಬರೆಯಲು ಮರೆಯಬೇಡಿ.