ನಗರ ವಿನ್ಯಾಸ ಓದಿದವರಿಗೆ ಪಾಲಿಕೆಯಲ್ಲಿ ಕುರ್ಚಿ ಎಲ್ಲಿದೆ?

ತುಮಕೂರಿನವಳೋ ಶಿವಮೊಗ್ಗದವಳೋ ಒಬ್ಬ ಹುಡುಗಿ ಐದು ವರ್ಷ ಬಿ.ಆರ್ಕ್ ಓದಿ, ಪ್ರವೇಶ ಪರೀಕ್ಷೆ ಬರೆದು, ಇನ್ನೆರಡು ವರ್ಷ ನಗರ ವಿನ್ಯಾಸದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದಳು ಎಂದಿಟ್ಟುಕೊಳ್ಳಿ. ಕಲಿತದ್ದು ಹುಟ್ಟಿದೂರಿಗೇ ಉಪಯೋಗವಾಗಲಿ ಎಂದು ಮಹಾನಗರ ಪಾಲಿಕೆಯ ಮೆಟ್ಟಿಲು ಹತ್ತಿದರೆ ಅವಳು ಯಾವ ವಿಭಾಗದ ಬಾಗಿಲು ತಟ್ಟಬೇಕು? ಕಾಮಗಾರಿ ವಿಭಾಗಕ್ಕೆ ಸಿವಿಲ್ ಎಂಜಿನಿಯರುಗಳು ಬೇಕು. ನಗರ ಯೋಜನೆ ವಿಭಾಗದವರಿಗೆ ಕಟ್ಟಡ ನಕ್ಷೆಗಳ ಮಂಜೂರಾತಿ ಕಡತ ಬಿಟ್ಟು ತಲೆಯೆತ್ತಲು ಪುರುಸೊತ್ತಿಲ್ಲ. ಕಂದಾಯಕ್ಕೊಬ್ಬರು, ಆರೋಗ್ಯಕ್ಕೊಬ್ಬರು, ಬೀದಿದೀಪಕ್ಕೊಬ್ಬರು ಅಧಿಕಾರಿಗಳಿದ್ದಾರೆ. ಬೀದಿ ಒಟ್ಟಾರೆ ಹೇಗಿರಬೇಕು, ಮಾರುಕಟ್ಟೆಯ ಮುಂದಿನ ಜಾಗದಲ್ಲಿ ಜನ ಎಲ್ಲಿ ನಿಲ್ಲಬೇಕು, ಬಸ್ಸಿನಿಂದ ಇಳಿದವರು ಎತ್ತ ನಡೆಯಬೇಕು ಎಂದು ಯೋಚಿಸುವುದಕ್ಕೇ ಸಂಬಳ ಪಡೆಯುವವರು ಆ ಕಟ್ಟಡದಲ್ಲಿ ಯಾರೂ ಇಲ್ಲ. ಕೊನೆಗೆ ಆಕೆ ಬೆಂಗಳೂರಿನ ಯಾವುದಾದರೂ ಸಲಹಾ ಸಂಸ್ಥೆ ಸೇರುತ್ತಾಳೆ, ಇಲ್ಲವೇ ಸಾಲ ಮಾಡಿ ಲಂಡನ್ನಿನ ವಿಮಾನ ಹತ್ತುತ್ತಾಳೆ.

ನಗರ ವಿನ್ಯಾಸದ ಕೋರ್ಸುಗಳ ಬಗ್ಗೆ ನಮ್ಮಲ್ಲಿ ಚರ್ಚೆ ನಡೆದರೆ ಅದು ಪಠ್ಯಕ್ರಮ, ಪ್ರಾಧ್ಯಾಪಕರ ಕೊರತೆ, ಶುಲ್ಕ ಇವುಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. ಓದಿ ಹೊರಬಂದವರು ಕೂರಬೇಕಾದ ಕುರ್ಚಿಯೇ ಇಲ್ಲ ಎಂಬುದನ್ನು ಯಾರೂ ಮಾತನಾಡುವುದಿಲ್ಲ. ಉಳಿದ ಕೊರತೆಗಳಿಗಿಂತ ದೊಡ್ಡದು ಇದು.

ನಗರ ಯೋಜನೆಗೂ ನಗರ ವಿನ್ಯಾಸಕ್ಕೂ ಏನು ವ್ಯತ್ಯಾಸ ಎಂಬ ಪ್ರಶ್ನೆ ಸಹಜ. ನಮ್ಮ ಮಹಾಯೋಜನೆಯ ನಕ್ಷೆ ತೆರೆದು ನೋಡಿ. ವಸತಿ ಪ್ರದೇಶಕ್ಕೆ ಹಳದಿ, ವಾಣಿಜ್ಯಕ್ಕೆ ನೀಲಿ, ಉದ್ಯಾನಕ್ಕೆ ಹಸಿರು ಬಣ್ಣ. ಎಷ್ಟು ಅಡಿ ಜಾಗ ಬಿಡಬೇಕು, ಎಷ್ಟು ಅಂತಸ್ತು ಕಟ್ಟಬಹುದು ಎಂಬ ಲೆಕ್ಕವೂ ಸಿಗುತ್ತದೆ. ಆದರೆ ಹಳದಿಗೂ ನೀಲಿಗೂ ನಡುವಿನ ರಸ್ತೆಯಲ್ಲಿ ಮರವಿದೆಯೇ, ಅಂಗಡಿಯ ಮುಂದೆ ನೆರಳಿದೆಯೇ, ಶಾಲೆಯ ಗೇಟಿನಿಂದ ಮಗು ರಸ್ತೆ ದಾಟುವುದು ಎಲ್ಲಿ ಎಂಬುದನ್ನು ಆ ನಕ್ಷೆ ಹೇಳುವುದಿಲ್ಲ. ಕಟ್ಟಡಗಳನ್ನು ಒಂದೊಂದಾಗಿ ವಿನ್ಯಾಸ ಮಾಡುವ ವಾಸ್ತುಶಿಲ್ಪಿಗೂ ಅದು ತನ್ನ ಕೆಲಸವಲ್ಲ. ಈ ಎರಡರ ನಡುವೆ ಬಿದ್ದುಹೋದ ಜಾಗವನ್ನು ಎತ್ತಿಕೊಳ್ಳಲು ಹುಟ್ಟಿದ ಶಿಸ್ತು ಇದು. 1956ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪಿ ಹೋಸೆ ಲೂಯಿ ಸೆರ್ಟ್ ಕರೆದ ಸಮ್ಮೇಳನದಲ್ಲಿ ಇದರ ಚರ್ಚೆ ಶುರುವಾಯಿತು. 1960ರಲ್ಲಿ ಅಲ್ಲಿಯೇ ಪದವಿ ಕೋರ್ಸ್ ಆರಂಭವಾಯಿತು. ಅದೇ ವರ್ಷ ಕೆವಿನ್ ಲಿಂಚ್, ಮರುವರ್ಷ ಜೇನ್ ಜೇಕಬ್ಸ್ ನಗರಗಳ ಕುರಿತ ತಮ್ಮ ಹೆಸರಾಂತ ಪುಸ್ತಕಗಳನ್ನು ಪ್ರಕಟಿಸಿದರು. ಜೇಕಬ್ಸ್ ವಾಸ್ತುಶಿಲ್ಪ ಓದಿದವರೇ ಅಲ್ಲ, ಪತ್ರಕರ್ತೆ. ಅದು ನೆನಪಿರಲಿ, ಮುಂದೆ ಉಪಯೋಗಕ್ಕೆ ಬರುತ್ತದೆ. ನಮ್ಮಲ್ಲಿ ದೆಹಲಿಯ ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆ, ಅಹಮದಾಬಾದಿನ ಸೆಪ್ಟ್ ಈ ವಿಷಯಕ್ಕೆ ಹೆಸರಾದವು. ಬೆಂಗಳೂರಿನ ವಾಸ್ತುಶಿಲ್ಪ ಕಾಲೇಜುಗಳಲ್ಲೂ ಈಗ ಇದನ್ನು ಕಲಿಸುತ್ತಾರೆ.

ಈ ಕೋರ್ಸಿನ ಸ್ಟುಡಿಯೊದಲ್ಲಿ, ಅಂದರೆ ವಿನ್ಯಾಸದ ತರಗತಿಯಲ್ಲಿ, ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬಹುತೇಕ ಎಲ್ಲ ಕಡೆ ಮೊದಲ ಅಭ್ಯಾಸವೇ ಕಪ್ಪು-ಬಿಳುಪು ನಕ್ಷೆ. ಕಟ್ಟಡಗಳಿಗೆಲ್ಲ ಕಪ್ಪು ಬಳಿದು, ರಸ್ತೆ, ಓಣಿ, ಅಂಗಳಗಳನ್ನು ಬಿಳಿಯಾಗಿ ಬಿಡಬೇಕು. 1748ರಲ್ಲಿ ಜಾಂಬಟ್ಟಿಸ್ಟಾ ನೊಲ್ಲಿ ರೋಮ್ ನಗರವನ್ನು ಚಿತ್ರಿಸಿದ ಕ್ರಮ ಅದು. ಇಂದಿಗೂ ಪಾಠವಾಗಿ ಉಳಿದಿದೆ. ಬೆಂಗಳೂರಿನ ಪೇಟೆಯನ್ನು ಹಾಗೆ ಬರೆದರೆ ಚಿಕ್ಕಪೇಟೆ, ಬಳೇಪೇಟೆ, ತರಗುಪೇಟೆಗಳ ಸಂದಿಗೊಂದಿಗಳು ಬಿಳಿ ನರಗಳ ಹಾಗೆ ಎದ್ದು ಕಾಣುತ್ತವೆ. ನೋಡಲು ಬಹಳ ಚೆಂದ. ಆದರೆ ಬಿಳಿಯಾಗಿ ಬಿಟ್ಟ ಜಾಗದಲ್ಲಿಯೇ ಹೂ ಮಾರುವವಳು ಕೂತಿರುತ್ತಾಳೆ, ತಳ್ಳುಗಾಡಿ ನಿಂತಿರುತ್ತದೆ, ಹಮಾಲಿ ಮೂಟೆ ಇಳಿಸುತ್ತಿರುತ್ತಾನೆ. ನಕ್ಷೆಯಲ್ಲಿ ಅವರ್ಯಾರೂ ಇಲ್ಲ. ಒಳ್ಳೆಯ ಮೇಷ್ಟ್ರಾದರೆ ಎರಡನೇ ವಾರವೇ ವಿದ್ಯಾರ್ಥಿಗಳನ್ನು ಬೆಳಗಿನ ಜಾವ ಮಾರುಕಟ್ಟೆಗೆ ಅಟ್ಟಿ, ಯಾರು ಎಲ್ಲಿ ಎಷ್ಟು ಹೊತ್ತು ಕೂರುತ್ತಾರೆ ಎಂದು ಗುರುತು ಹಾಕಿಸುತ್ತಾರೆ. ಇಲ್ಲದಿದ್ದರೆ ಖಾಲಿ ಬಿಳಿಯನ್ನು ಖಾಲಿಯೆಂದೇ ನಂಬಿ ಅಲ್ಲಿ ಗ್ರಾನೈಟ್ ಬೆಂಚು ಬರೆಯುವ ಪದವೀಧರರು ಹೊರಬರುತ್ತಾರೆ.

ಬಸವನಗುಡಿಯ ಗಾಂಧಿ ಬಜಾರಿನಲ್ಲಿ ಈ ಪಾಠದ ಬೆಲೆ ಗೊತ್ತಾಯಿತು. ನಗರ ಭೂಸಾರಿಗೆ ನಿರ್ದೇಶನಾಲಯ ಆ ರಸ್ತೆಯ ಮರುವಿನ್ಯಾಸಕ್ಕೆ ಕೈಹಾಕಿದಾಗ ನಡೆದಾಡುವವರಿಗೆ ಹೆಚ್ಚು ಜಾಗ ಕೊಡುವ ಉದ್ದೇಶ ಒಳ್ಳೆಯದೇ ಆಗಿತ್ತು. ಆದರೂ ಅಂಗಡಿಯವರು ತಿರುಗಿ ಬಿದ್ದರು; ಹೂವು, ಹಣ್ಣು, ಗ್ರಂಥಿಗೆ ಸಾಮಾನು ಮಾರುತ್ತಿದ್ದ ಬೀದಿ ವ್ಯಾಪಾರಿಗಳು ಕಾಮಗಾರಿ ಮುಗಿಯುವವರೆಗೆ ಎಲ್ಲಿಗೆ ಹೋಗಬೇಕು ಎಂದು ಕೇಳಿದರು. ಬೀದಿ ವ್ಯಾಪಾರಿಗಳ ಜೀವನೋಪಾಯ ರಕ್ಷಿಸುವ ಕಾಯ್ದೆ 2014ರಿಂದ ಇದ್ದರೂ ಅವರು ಹಾಗೆ ಕೇಳಬೇಕಾಯಿತು. ಗೌರಿ-ಗಣೇಶ, ವರಮಹಾಲಕ್ಷ್ಮಿ ಹಬ್ಬದ ಮುನ್ನಾದಿನ ಆ ಬೀದಿಯ ಗಲಾಟೆ ನೋಡಿದವರಿಗೆ ಅಲ್ಲಿನ ವ್ಯಾಪಾರ ಎಷ್ಟು ಇಂಚಿಂಚು ಜಾಗದ ಮೇಲೆ ನಿಂತಿದೆ ಎಂದು ಹೇಳಬೇಕಿಲ್ಲ. ಅಂಥ ಕಡೆ ವಿನ್ಯಾಸ ಎಂದರೆ ವರ್ಷಗಟ್ಟಲೆ ಆ ಜನರ ಜೊತೆ ಕೂತು ಮಾಡುವ ಮಾತುಕತೆ. ಕರಾರು ಮುಗಿದ ದಿನ ಗಂಟುಮೂಟೆ ಕಟ್ಟುವ ಸಲಹೆಗಾರರಿಂದ ಅದು ಆಗುವ ಕೆಲಸವಲ್ಲ. ಊರಲ್ಲೇ ಇರುವ, ನಾಳೆಯೂ ಅದೇ ವ್ಯಾಪಾರಿಗೆ ಮುಖ ತೋರಿಸಬೇಕಾದ ಅಧಿಕಾರಿ ಬೇಕು.

ಇಂಥ ಅಧಿಕಾರಿ ನಮಗೆ ಹೊಸತೇನಲ್ಲ. 1898ರ ಪ್ಲೇಗಿನ ನಂತರ ಮಲ್ಲೇಶ್ವರ, ಬಸವನಗುಡಿಗಳನ್ನು ಮನೆಗಳ ಹಿಂಬದಿಯ ಕನ್ಸರ್ವೆನ್ಸಿ ಓಣಿಗಳ ಸಮೇತ ರೂಪಿಸಿದ್ದು ಸರ್ಕಾರವೇ. ಮೈಸೂರಿಗೆ 1903ರಷ್ಟು ಹಿಂದೆಯೇ ನಗರ ಸುಧಾರಣಾ ಮಂಡಳಿ ಬಂದಿತ್ತು. ಹಿಟ್ಲರನ ಜರ್ಮನಿ ಬಿಟ್ಟು ಈಜಿಪ್ಟ್ ಸೇರಿದ್ದ ಆಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರಿ ವಾಸ್ತುಶಿಲ್ಪಿಯಾಗಿ ಬಂದಾಗ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಆತನ ಕಟ್ಟಡಗಳು ಇಂದಿಗೂ ಇವೆ. ಮುಂದೆ ಭುವನೇಶ್ವರಕ್ಕೆ ಯೋಜನೆ ಬರೆದದ್ದೂ ಆತನೇ. ಸೆಕೆ, ಮಳೆ, ಬಡತನ ಇರುವ ದೇಶಗಳ ಊರುಗಳನ್ನು ಹೇಗೆ ಕಟ್ಟಬೇಕು ಎಂಬ ತಿಳಿವಳಿಕೆಯನ್ನು ಈ ನೆಲದಲ್ಲಿ ಸರ್ಕಾರಿ ನೌಕರನಾಗಿ ದುಡಿಯುತ್ತ ಸಂಪಾದಿಸಿದ ಆತ, ಐವತ್ತರ ದಶಕದಲ್ಲಿ ಲಂಡನ್ನಿಗೆ ಹೋಗಿ ಅದನ್ನೇ ಪಾಠ ಮಾಡಿದ. ಅಲ್ಲಿನ ಯೂನಿವರ್ಸಿಟಿ ಕಾಲೇಜಿನ ಅಭಿವೃದ್ಧಿ ಯೋಜನಾ ಘಟಕ ಆತನ ಪ್ರಯತ್ನದ ಫಲ. ನಮ್ಮ ಮಕ್ಕಳು ಲಕ್ಷಗಟ್ಟಲೆ ಸಾಲ ಮಾಡಿ ಓದಲು ಹೋಗುವ ವಿದೇಶಿ ವಿಭಾಗಗಳ ಪಟ್ಟಿಯಲ್ಲಿ ಅದೂ ಇದೆ. ಮೈಸೂರು ಸಂಸ್ಥಾನ ಸಂಬಳ ಕೊಟ್ಟು ಕಲಿಸಿದ ವಿದ್ಯೆಯನ್ನು ನಾವೀಗ ಪೌಂಡಿನಲ್ಲಿ ದುಡ್ಡು ಕೊಟ್ಟು ಕೊಳ್ಳುತ್ತಿದ್ದೇವೆ!

ಅಂಥ ಅಧಿಕಾರಿಯ ಹುದ್ದೆ ಮಾಯವಾದ ಮೇಲೆ ಏನಾಯಿತು ಎಂಬುದಕ್ಕೆ ಬೆಂಗಳೂರಿನ ನಡುಭಾಗದ ರಸ್ತೆಗಳೇ ಸಾಕ್ಷಿ. ಸುಮಾರು ಹತ್ತು ವರ್ಷಗಳ ಹಿಂದೆ ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆಗಳಲ್ಲಿ ಟೆಂಡರ್‌ಶ್ಯೂರ್ ಕಾಮಗಾರಿ ಮುಗಿದಾಗ ಜನ ಅಚ್ಚರಿಪಟ್ಟರು. ನೀರಿನ ಪೈಪು, ವಿದ್ಯುತ್ ಕೇಬಲ್, ಒಳಚರಂಡಿ ಎಲ್ಲವನ್ನೂ ಪಾದಚಾರಿ ಮಾರ್ಗದ ಅಡಿ ಅಚ್ಚುಕಟ್ಟಾಗಿ ಜೋಡಿಸಿ, ವಾಹನದ ಪಥವನ್ನು ಉದ್ದಕ್ಕೂ ಒಂದೇ ಅಗಲಕ್ಕೆ ತಂದು, ಉಳಿದ ಜಾಗವನ್ನು ನಡೆಯುವವರಿಗೆ ಬಿಟ್ಟಿದ್ದರು. ಖರ್ಚು ಜಾಸ್ತಿಯಾಯಿತು ಎಂಬ ಟೀಕೆ ಇತ್ತು, ಇರಲಿ. ಅದನ್ನು ರೂಪಿಸಿದ್ದು ಜನಾ ಅರ್ಬನ್ ಸ್ಪೇಸ್ ಎಂಬ ಹೊರಗಿನ ಸಂಸ್ಥೆ. ಅವರ ಜಾಣತನ ಚಿತ್ರಕ್ಕಿಂತ ಹೆಚ್ಚಾಗಿ ಟೆಂಡರ್ ದಾಖಲೆಯಲ್ಲಿ ಇತ್ತು: ಗುತ್ತಿಗೆದಾರ ಏನನ್ನು ಯಾವ ಅಳತೆಗೆ ಹಾಕಬೇಕು ಎಂದು ಮೊದಲೇ ಬರೆದು ಕಟ್ಟಿಹಾಕಿದ್ದರು. 2018ರಲ್ಲಿ ಕಲ್ಲು ಹಾಸಿ ಮುಗಿಸಿದ ಚರ್ಚ್ ಸ್ಟ್ರೀಟ್ ಕೂಡ ಹೊರಗಿನ ವಾಸ್ತುಶಿಲ್ಪಿಗಳ ಕೈಚಳಕವೇ. ಕೆಲವೇ ವರ್ಷಗಳಲ್ಲಿ ಅಲ್ಲಿನ ಕಲ್ಲುಗಳು ಅಲ್ಲಲ್ಲಿ ಸಡಿಲವಾಗಿ ಎದ್ದವು. ವಿನ್ಯಾಸ ಮಾಡಿದವರ ಕರಾರು ಮುಗಿದಿತ್ತು. ಪಾಲಿಕೆಯ ವಾರ್ಡ್ ಎಂಜಿನಿಯರಿಗೆ ಆ ಕಲ್ಲು ಯಾಕೆ ಹಾಗೆ ಕೂರಿಸಿದ್ದಾರೆ ಎಂದು ತಿಳಿಸಿ ಹೇಳುವವರು ಇರಲಿಲ್ಲ.

ಬೆಂಗಳೂರಿನ ಕಥೆ ಇದಾದರೆ ಹುಬ್ಬಳ್ಳಿ-ಧಾರವಾಡದ್ದು ಇನ್ನೊಂದು. ಬಸ್ಸಿಗೇ ಮೀಸಲಾದ, ಸುಮಾರು 22 ಕಿಲೋಮೀಟರ್ ಉದ್ದದ ಬಿಆರ್‌ಟಿಎಸ್ ದಾರಿಯಲ್ಲಿ 'ಚಿಗರಿ' ಬಸ್ಸುಗಳು ಓಡುತ್ತಿವೆ, 2020ರಲ್ಲಿ ವಿಧ್ಯುಕ್ತ ಉದ್ಘಾಟನೆಯೂ ಆಯಿತು. ಬಸ್ಸು ಚೆನ್ನಾಗಿದೆ, ಬೇಗ ಹೋಗುತ್ತದೆ. ನಿಲ್ದಾಣಗಳು ಮಾತ್ರ ರಸ್ತೆಯ ನಟ್ಟನಡುವೆ ಇವೆ. ಉಣಕಲ್ಲಿನಲ್ಲೋ ವಿದ್ಯಾಗಿರಿಯಲ್ಲೋ ಇಳಿದ ಮುದುಕಿ ಎರಡೂ ಕಡೆಯ ವಾಹನಗಳ ನಡುವೆ ಹೇಗೆ ದಾಟಬೇಕು, ಮಳೆ ಬಂದಾಗ ಟೋಲ್ ನಾಕಾದಲ್ಲಿ ನಿಂತ ನೀರು ಎತ್ತ ಹೋಗಬೇಕು ಎಂಬವು ಸಾರಿಗೆ ಎಂಜಿನಿಯರರ ಲೆಕ್ಕದಲ್ಲಿ ಕಡೆಯ ಸಾಲಿನವು. ನಗರ ವಿನ್ಯಾಸಕಾರರಿಗೆ ಮೊದಲನೆಯವು. ಆ ಯೋಜನೆ ರೂಪಿಸಿದ ಮೇಜಿನ ಸುತ್ತ ಅಂಥವರು ಒಬ್ಬರಾದರೂ ಕಾಯಂ ಆಗಿ ಕೂತಿದ್ದರೆ ರಸ್ತೆ ಇನ್ನಷ್ಟು ನಮ್ಮದಾಗುತ್ತಿತ್ತು.

ಅಂಕಿ-ಅಂಶವನ್ನೂ ನೋಡೋಣ. ದೇಶದ ನಗರ ಯೋಜನಾ ಸಾಮರ್ಥ್ಯದ ಬಗ್ಗೆ ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ವರದಿ ಹೇಳುವಂತೆ, ರಾಜ್ಯಗಳ ನಗರ ಯೋಜನಾ ಇಲಾಖೆಗಳಲ್ಲಿ ಯೋಜಕರ ಮಂಜೂರಾದ ಹುದ್ದೆಗಳು ನಾಲ್ಕು ಸಾವಿರಕ್ಕೂ ಕಡಿಮೆ. ಅವುಗಳಲ್ಲೂ ಶೇ 42ರಷ್ಟು ಖಾಲಿ. ಒಟ್ಟು ಬೇಕಿರುವುದು 12 ಸಾವಿರಕ್ಕೂ ಹೆಚ್ಚು. ಇದು ಯೋಜಕರ ಮಾತು. ನಗರ ವಿನ್ಯಾಸಕಾರರಿಗೆ ಮಂಜೂರಾದ ಹುದ್ದೆಯೇ ಇಲ್ಲದಾಗ ಖಾಲಿ ಎಷ್ಟು ಎಂಬ ಲೆಕ್ಕವೂ ಹುಟ್ಟುವುದಿಲ್ಲ. 2015ರಿಂದ 2025ರವರೆಗೆ ನಡೆದ ಸ್ಮಾರ್ಟ್ ಸಿಟಿ ಅಭಿಯಾನದಲ್ಲಿ ಬೆಂಗಳೂರು, ಬೆಳಗಾವಿ, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಶಿವಮೊಗ್ಗ, ತುಮಕೂರುಗಳಿಗೆ ಕೋಟಿಗಟ್ಟಲೆ ಹಣ ಹರಿದು ಬಂತು. ಬೀದಿಗಳಿಗೆ ಹಣ ಸುರಿಯಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಕ್ಕಿರಲಿಲ್ಲ. ಚಿತ್ರ ಬರೆದದ್ದು ಯೋಜನಾ ನಿರ್ವಹಣಾ ಸಲಹೆಗಾರರು. ಅಭಿಯಾನ ಮುಗಿಯಿತು, ಅವರು ಹೋದರು. ಹತ್ತು ವರ್ಷದ ಅನುಭವ ಪಾಲಿಕೆಗಳ ಒಳಗೆ ಯಾರ ತಲೆಯಲ್ಲೂ ಉಳಿಯಲಿಲ್ಲ.

ತಪ್ಪೆಲ್ಲ ಸರ್ಕಾರದ್ದೇ ಎನ್ನಲಾರೆ. ಕಾಲೇಜುಗಳೂ ತಮ್ಮ ಪದವೀಧರರನ್ನು ಪಾಲಿಕೆಗೆ ಬೇಕಾಗುವಂತೆ ಸಿದ್ಧಮಾಡುವುದಿಲ್ಲ. ಜ್ಯೂರಿಯ, ಅಂದರೆ ಮೌಲ್ಯಮಾಪನದ ದಿನ ಗೋಡೆ ತುಂಬ ಹಾಳೆ, ಥರ್ಮಾಕೋಲ್ ಮಾದರಿ, ಬಣ್ಣಬಣ್ಣದ ನೋಟಗಳು ಇರುತ್ತವೆ. ಆ ನೋಟದಲ್ಲಿ ಯಾವಾಗಲೂ ಬಲೂನು ಹಿಡಿದ ಮಗು, ಸೈಕಲ್ ಮೇಲಿನ ತರುಣಿ. ನೂರು ಮೀಟರ್ ಪಾದಚಾರಿ ಮಾರ್ಗಕ್ಕೆ ಅಂದಾಜುಪಟ್ಟಿ ತಯಾರಿಸು ಎಂದರೆ ಹೆಚ್ಚಿನವರು ಕೈಚೆಲ್ಲುತ್ತಾರೆ. ಲೋಕೋಪಯೋಗಿ ಇಲಾಖೆಯ ದರಪಟ್ಟಿಯನ್ನು, ಎಲ್ಲರೂ 'ಎಸ್‌ಆರ್' ಎನ್ನುವ ಆ ಪುಸ್ತಕವನ್ನು, ಎಷ್ಟೋ ವಿದ್ಯಾರ್ಥಿಗಳು ಎರಡು ವರ್ಷದಲ್ಲಿ ಮುಟ್ಟಿಯೂ ನೋಡಿರುವುದಿಲ್ಲ. ಪಾದಚಾರಿ ಮಾರ್ಗದಲ್ಲಿ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲವಿರಬೇಕು, ಅಂಚುಗಲ್ಲಿನ ಎತ್ತರ 150 ಮಿಲಿಮೀಟರ್ ದಾಟಬಾರದು ಎಂದು ಭಾರತೀಯ ರಸ್ತೆ ಕಾಂಗ್ರೆಸ್ 2012ರಲ್ಲೇ ಹೇಳಿದೆ. ನಮ್ಮ ಬೀದಿಯಲ್ಲಿ ಆ 1.8 ಮೀಟರ್‌ನೊಳಗೇ ಟ್ರಾನ್ಸ್‌ಫಾರ್ಮರ್ ಕಟ್ಟೆ, ಹೊಂಗೆ ಮರದ ಬುಡ, ಕೇಬಲ್ ಪೆಟ್ಟಿಗೆ ಮತ್ತು ಪ್ರತಿ ಗೇಟಿನ ಮುಂದೆ ಕಾರು ಹತ್ತಿಸಲು ಮಾಡಿದ ಇಳಿಜಾರು ಬಂದು ಕೂರುತ್ತವೆ. ಬೆಸ್ಕಾಂ, ಜಲಮಂಡಳಿ, ಅರಣ್ಯ ಘಟಕ, ಮನೆ ಯಜಮಾನ ಈ ನಾಲ್ವರನ್ನೂ ಒಪ್ಪಿಸಿ ದಾರಿ ಬಿಡಿಸುವುದೇ ನಿಜವಾದ ನಗರ ವಿನ್ಯಾಸ. ಅದಕ್ಕೆ ಕನ್ನಡದಲ್ಲಿ ಪತ್ರ ಬರೆಯಲು ಬರಬೇಕು, ವಾರ್ಡ್ ಸಭೆಯಲ್ಲಿ ಬೈಗುಳ ಕೇಳಿಸಿಕೊಳ್ಳುವ ತಾಳ್ಮೆ ಬೇಕು. ಇವಕ್ಕೆ ಯಾವ ಸೆಮಿಸ್ಟರಿನಲ್ಲೂ ಅಂಕವಿಲ್ಲ.

ಇನ್ನೊಂದು ತಡೆಗೋಡೆ ಪ್ರವೇಶದ್ದು. ಈ ಕೋರ್ಸಿಗೆ ಬಹುತೇಕ ಕಡೆ ಬಿ.ಆರ್ಕ್ ಆದವರಿಗಷ್ಟೇ ಬಾಗಿಲು ತೆರೆದಿದೆ. ನಮ್ಮ ಊರುಗಳ ಬೀದಿಯನ್ನು ದಿನನಿತ್ಯ ಅಳೆದು, ಅಗೆಸಿ, ಮುಚ್ಚಿಸುವವರು ಪಾಲಿಕೆಯ ಜೆಇ, ಎಇಇಗಳು, ಅಂದರೆ ಸಿವಿಲ್ ಎಂಜಿನಿಯರುಗಳು. ಅವರಿಗೆ ಪ್ರವೇಶವಿಲ್ಲ. ನಗರವನ್ನು ಎಲ್ಲರಿಗಿಂತ ಚೆನ್ನಾಗಿ ಓದಿದ ಜೇಕಬ್ಸ್ ಬಂದು ಅರ್ಜಿ ಹಾಕಿದರೂ ಅದು ಇಲ್ಲಿ ತಿರಸ್ಕೃತವಾಗುತ್ತಿತ್ತು. ಕೆಲಸದಲ್ಲಿರುವ ಎಂಜಿನಿಯರುಗಳನ್ನು ವೇತನಸಹಿತ ರಜೆ ಕೊಟ್ಟು ಒಂದು ವರ್ಷ ನಗರ ವಿನ್ಯಾಸ ಓದಲು ಕಳಿಸಿದರೆ ಎಷ್ಟೋ ರಸ್ತೆಗಳ ಹಣೆಬರಹ ಬದಲಾದೀತು. ಪೌರಾಡಳಿತದ ಸಿಬ್ಬಂದಿಗೆ ತರಬೇತಿ ಕೊಡುವ ರಾಜ್ಯ ನಗರಾಭಿವೃದ್ಧಿ ಸಂಸ್ಥೆ ಮೈಸೂರಿನಲ್ಲಿದೆ. ವಾಸ್ತುಶಿಲ್ಪ ಕಾಲೇಜುಗಳ ಜೊತೆ ಸೇರಿ ಅಂಥ ಒಂದು ವರ್ಷದ ಕೋರ್ಸನ್ನು ಅಲ್ಲೇ ಶುರುಮಾಡಬಹುದು.

ಇನ್ನೊಂದು ಹುದ್ದೆ, ಇನ್ನೊಂದು ಸಂಬಳ, ಖಜಾನೆಗೆ ಇನ್ನೊಂದು ಹೊರೆ ಎಂದು ಹಣಕಾಸು ಇಲಾಖೆ ಗೊಣಗುವುದು ಖಂಡಿತ. ಒಂದೇ ರಸ್ತೆಯನ್ನು ಮೊದಲು ನೀರಿನವರು, ಆಮೇಲೆ ಕೇಬಲ್ಲಿನವರು, ಅದಾದ ಮೇಲೆ ಒಳಚರಂಡಿಯವರು ಅಗೆದು, ಪ್ರತಿಸಲವೂ ಡಾಂಬರು ಹಾಕುವ ಖರ್ಚಿನ ಮುಂದೆ ಒಬ್ಬ ಅಧಿಕಾರಿಯ ವಾರ್ಷಿಕ ಸಂಬಳ ಲೆಕ್ಕಕ್ಕೇ ಬಾರದು. ಎಂಜಿನಿಯರುಗಳ ಮೇಲೆ ಇನ್ನೊಬ್ಬ ಯಜಮಾನ ಬಂದು ಕೂರುತ್ತಾನೆ ಎಂಬ ಆತಂಕವೂ ಇದೆ, ಅದಕ್ಕೆ ಅರ್ಥವೂ ಇದೆ. ಹಾಗಾಗಿ ಹುದ್ದೆಯನ್ನು ಕಾಮಗಾರಿ ವಿಭಾಗದ ಒಳಗೇ ಇಟ್ಟು, ಇಷ್ಟು ಕೋಟಿಗಿಂತ ಹೆಚ್ಚಿನ ರಸ್ತೆ, ಚೌಕ, ಮಾರುಕಟ್ಟೆ ಕಾಮಗಾರಿಗೆ ಈ ಅಧಿಕಾರಿಯ ಸಹಿ ಬೇಕು ಎಂದು ನಿಯಮ ಮಾಡಿದರೆ ಸಾಕು.

ಬೆಂಗಳೂರಿನಲ್ಲಿ 2025ರಲ್ಲಿ ಬಿಬಿಎಂಪಿ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದಿವೆ. ಕಚೇರಿ, ಫಲಕ, ಲಾಂಛನ ಎಲ್ಲ ಹೊಸದು. ನಗರಾಭಿವೃದ್ಧಿ ಇಲಾಖೆ ಈ ಐದು ಪಾಲಿಕೆಗಳ ವೃಂದ ಮತ್ತು ನೇಮಕಾತಿ ನಿಯಮಗಳಲ್ಲಿ ತಲಾ ಇಬ್ಬರು ನಗರ ವಿನ್ಯಾಸಕಾರರ ಹುದ್ದೆ ಸೇರಿಸಲಿ. ಅದೇ ಆದೇಶವನ್ನು ರಾಜ್ಯದ ಉಳಿದ ಮಹಾನಗರ ಪಾಲಿಕೆಗಳಿಗೂ ವಿಸ್ತರಿಸಲಿ.