ವಿಟಮಿನ್ ಡಿ ಔಷಧಕ್ಕೆ ಬದಲಿಯಲ್ಲ



ಮಿದುಳು, ಬೆನ್ನುಹುರಿಗಳ ನರತಂತುಗಳ ಹೊದಿಕೆಯ ಮೇಲೆ ದೇಹದ ರೋಗನಿರೋಧಕ ವ್ಯವಸ್ಥೆಯೇ ದಾಳಿ ಮಾಡುವ ಕಾಯಿಲೆ ಮಲ್ಟಿಪಲ್ ಸ್ಕ್ಲೆರೋಸಿಸ್. ವಿಟಮಿನ್ ಡಿ ಮಟ್ಟ ಕಡಿಮೆಯಿದ್ದವರಲ್ಲಿ ಇದು ಹೆಚ್ಚೆಂದು 2006ರಲ್ಲಿ ಅಮೆರಿಕದ ಬಿಳಿಯ ಸೈನಿಕರ ಅಧ್ಯಯನ ತೋರಿಸಿತು. ಆದರೆ ಕೊರತೆ ಅಪಾಯ ತರುತ್ತದೆಂದ ಮಾತ್ರಕ್ಕೆ, ಅದನ್ನು ತುಂಬಿದರೆ ಬಂದ ಕಾಯಿಲೆ ಹೋಗುತ್ತದೆ ಎಂದಾಗದು. 2023ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಈ ಕಾಯಿಲೆಯ ಔಷಧವಾದ ಗ್ಲಾಟಿರಾಮರ್ ಚುಚ್ಚುಮದ್ದಿನ ಜೊತೆ ದಿನಕ್ಕೆ 5,000 ಯೂನಿಟ್ ವಿಟಮಿನ್ ಡಿ ಪಡೆದವರಿಗೂ 600 ಯೂನಿಟ್ ಪಡೆದವರಿಗೂ ಕಾಯಿಲೆ ಮರುಕಳಿಸುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ.

ಫ್ರಾನ್ಸ್‌ನಲ್ಲಿ ನಡೆದ ಇನ್ನೊಂದು ಪ್ರಯೋಗ ಬೇರೆಯದನ್ನೇ ಹೇಳುತ್ತದಲ್ಲ ಎನ್ನಬಹುದು. ನಿಜ, 2025ರಲ್ಲಿ ಹೊರಬಂದ ಆ ಫಲಿತಾಂಶ ಭರವಸೆಯದೇ. ಮೊದಲ ಲಕ್ಷಣ ಕಂಡು ಇನ್ನೂ ಬೇರೆ ಚಿಕಿತ್ಸೆ ಆರಂಭಿಸದವರಿಗೆ ಎರಡು ವಾರಕ್ಕೊಮ್ಮೆ ಒಂದು ಲಕ್ಷ ಯೂನಿಟ್ ಕೊಟ್ಟಾಗ, ಎರಡು ವರ್ಷಗಳಲ್ಲಿ ಕಾಯಿಲೆಯ ಚಟುವಟಿಕೆ ಕಂಡದ್ದು ಶೇ 60.3 ಮಂದಿಯಲ್ಲಿ, ಹುಸಿಮಾತ್ರೆ ಪಡೆದವರಲ್ಲಿ ಶೇ 74.1. ಆದರೆ ಲಾಭ ಎದ್ದು ಕಂಡದ್ದು ಎಂಆರ್‌ಐ ಚಿತ್ರಗಳಲ್ಲಿ, ಮರುಕಳಿಕೆಯ ಇಳಿಕೆಯಲ್ಲಲ್ಲ. ಅಗ್ಗದ ಮಾತ್ರೆ, ನುಂಗಿದರೆ ನಷ್ಟವೇನು ಎಂಬ ವಾದವೂ ಸಲ್ಲದು: ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡ ಕೆಡಬಹುದು. ಅದಕ್ಕಿಂತ ನನ್ನನ್ನು ಕಾಡುವುದು, ಈ ಮಾತ್ರೆಯನ್ನು ನಂಬಿ ರೋಗಿಗಳು ಸಾಬೀತಾದ ಔಷಧ ಬಿಟ್ಟಾರೆಂಬ ಭಯ. ಕೊರತೆಯಿದ್ದವರು ವೈದ್ಯರ ಸಲಹೆಯಂತೆ ತೆಗೆದುಕೊಳ್ಳಲಿ, ಚಿಕಿತ್ಸೆಯ ಜೊತೆಗೆ.

– ಓದುಗರೊಬ್ಬರು, ಶಿವಮೊಗ್ಗ